ಸಾಲ ಆಮೇಲೆ, ಮೊದಲು ನಲ್ಲಿ ಬಂದ್ ಮಾಡಿ: ಮನೆಯವರು ಜೂಜಿಗೆ ಬಿದ್ದಾಗ ಮುಂಬೈ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ನನ್ನ ಚಿಕ್ಕಪ್ಪನ ಮಗನ ಸಾಲವನ್ನು ನಾನು ಮೂರು ಸಲ ತೀರಿಸಿದ್ದೇನೆ. ಮೊದಲ ಸಲ 35 ಸಾವಿರ. ಎರಡನೇ ಸಲ 90 ಸಾವಿರ. ಮೂರನೇ ಸಲ ಎರಡು ಲಕ್ಷ ದಾಟಿತ್ತು. ಪ್ರತಿ ಸಲವೂ ಅವನು ದೇವರ ಫೋಟೋ ಮುಟ್ಟಿ ಆಣೆ ಮಾಡಿದ. ಆಣೆ ಸುಳ್ಳಾಗಿರಲಿಲ್ಲ, ಆ ಹೊತ್ತಿಗೆ ಮನಸಾರೆ ಹೇಳಿದ್ದೇ. ಆದರೆ ಹಳೆ ಸಾಲ ತೀರಿತು ಅಂದರೆ ಹೊಸ ಸಾಲ ಹುಟ್ಟುತ್ತದೆ ಅಂತಲೇ ಅರ್ಥ. ನಾನು ಕೊಟ್ಟ ದುಡ್ಡು ಅವನ ಮುಂದಿನ ಆಟಕ್ಕೆ ಬಂಡವಾಳವಾಯಿತು, ಅಷ್ಟೇ.

ನಾವು ಕುಂದಾಪುರ ಕಡೆಯವರು, ಠಾಣೆಯಲ್ಲಿ ಹೋಟೆಲ್ ಕೆಲಸ. ನಾನು ಗಲ್ಲಾದಲ್ಲಿ ಕೂರುತ್ತೇನೆ, ತಮ್ಮ ಸಪ್ಲೈಯಲ್ಲಿದ್ದ. ಮಹಡಿ ಮೇಲಿನ ರೂಮಿನಲ್ಲಿ ಎಂಟು ಜನ ಮಲಗುತ್ತೇವೆ. ಒಂದು ರಾತ್ರಿ ಒಂದೂವರೆಗೆ ನೀರು ಕುಡಿಯಲು ಎದ್ದಾಗ ನೋಡಿದೆ, ಅವನ ಹೊದಿಕೆಯೊಳಗೆ ಬೆಳಕು. ಹೆಬ್ಬೆರಳಿನ ನೆರಳು ಆಡುತ್ತಿತ್ತು. ಊರಿಗೆ, ಹೆಂಡತಿಗೆ ಮೆಸೇಜ್ ಮಾಡ್ತಿದ್ದಾನೆ ಅಂದುಕೊಂಡು ಮಲಗಿದೆ. ಮೆಸೇಜ್ ಮಾಡುವವರ ಬೆರಳು ಫೋನಿನ ತುಂಬ ಓಡಾಡುತ್ತದೆ. ಅವನದು ಒಂದೇ ಜಾಗದಲ್ಲಿ ಎರಡು ಸೆಕೆಂಡಿಗೊಮ್ಮೆ ಕುಕ್ಕುತ್ತಿತ್ತು. ಅದು ನನಗೆ ಹೊಳೆದದ್ದು ಒಂದು ವರ್ಷ ಕಳೆದ ಮೇಲೆ.

ನಾನು ಡಾಕ್ಟರ್ ಅಲ್ಲ, ವಕೀಲನೂ ಅಲ್ಲ. ನಾಲ್ಕನೇ ಸಲ ಅವನು ಕೈ ಚಾಚಿದಾಗ ದುಡ್ಡು ಕೊಡದೆ ಬೇರೆ ದಾರಿ ಹಿಡಿದೆವು. ಆಮೇಲೆ ಪರಿಚಯದ ನಾಲ್ಕಾರು ಮನೆಯವರು ಬಂದು ಕೇಳಿದರು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಮುಂಬೈ ಲೆಕ್ಕದಲ್ಲಿ ಬರೆದಿದ್ದು, ಪುಣೆ ಮತ್ತು ಗೋವಾದವರಿಗೆ ಬೇಕಾದ್ದನ್ನು ಅಲ್ಲಲ್ಲೇ ಸೇರಿಸಿದ್ದೇನೆ.

ಶುರು ಮಾಡುವ ಮೊದಲು: ಇದು ಕಾಯಿಲೆ ಅಂತ ಒಪ್ಪಿಕೊಳ್ಳಿ

"ಅವನಿಗೆ ದುಡ್ಡಿನ ಬೆಲೆ ಗೊತ್ತಿಲ್ಲ" ಅಂತ ನಮ್ಮ ದೊಡ್ಡಮ್ಮ ಇವತ್ತಿಗೂ ಹೇಳುತ್ತಾರೆ. ದಿನಕ್ಕೆ 12 ಗಂಟೆ ತಟ್ಟೆ ಹೊತ್ತವನಿಗೆ ದುಡ್ಡಿನ ಬೆಲೆ ಗೊತ್ತಿಲ್ಲದೆ ಇರುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ಜೂಜಿನ ಕಾಯಿಲೆಗೆ ಬೇರೆಯೇ ಸಂಕೇತ ಇದೆ, 6ಸಿ50 ಅಂತ. ಅಮೆರಿಕದ ಮನೋವೈದ್ಯರು 2013ರಲ್ಲಿ ತಮ್ಮ ಕೈಪಿಡಿಯನ್ನು ಪರಿಷ್ಕರಿಸಿದಾಗ ಜೂಜನ್ನು ಕುಡಿತ, ಡ್ರಗ್ಸ್ ಇರುವ ಅಧ್ಯಾಯಕ್ಕೇ ಸೇರಿಸಿದರು. ಹೊಟ್ಟೆಗೆ ಏನೂ ಹೋಗದಿದ್ದರೂ ತಲೆಯೊಳಗೆ ನಡೆಯುವುದು ಹೆಚ್ಚುಕಡಿಮೆ ಅದೇ.

ಕಾಯಿಲೆ ಅಂದ ಮೇಲೆ ಒಬ್ಬನ ಕಾಯಿಲೆಯೂ ಅಲ್ಲ. ಮಳೆಗಾಲ ಬಂದರೆ ಬಿಎಂಸಿಯವರು (ಮುಂಬೈ ಮಹಾನಗರ ಪಾಲಿಕೆ) ಮಲೇರಿಯಾ ಬಂದವನಿಗೆ ಮಾತ್ರೆ ಕೊಟ್ಟು ಸುಮ್ಮನಾಗುತ್ತಾರಾ? ಟೆರೇಸ್ ಹತ್ತಿ ಡ್ರಮ್, ಹಳೆ ಟೈರ್, ಹೂಕುಂಡದ ಕೆಳಗಿನ ತಟ್ಟೆ ನೋಡುತ್ತಾರೆ. ನೀರು ನಿಂತಿದ್ದರೆ ನೋಟಿಸ್ ಕೊಡುತ್ತಾರೆ. ಜೂಜನ್ನೂ ಹಾಗೇ ನೋಡಬೇಕು ಅಂತ 2024ರ ಅಕ್ಟೋಬರ್‌ನಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯ ಆಯೋಗ ವರದಿ ಕೊಟ್ಟಿತು. ಜಗತ್ತಿನಲ್ಲಿ ಸುಮಾರು 8 ಕೋಟಿ ವಯಸ್ಕರು ಜೂಜಿನ ಕಾಯಿಲೆಯಲ್ಲೋ ಅದರ ಹತ್ತಿರದ ಸ್ಥಿತಿಯಲ್ಲೋ ಇದ್ದಾರೆ ಅನ್ನುವುದು ಅವರ ಅಂದಾಜು. ಒಬ್ಬ ಜೂಜುಗಾರನಿಂದ ಸರಾಸರಿ 6 ಜನರಿಗೆ ಪೆಟ್ಟು ಬೀಳುತ್ತದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ನಾನು ನಮ್ಮ ಲೆಕ್ಕ ಹಾಕಿದೆ. ಅವನ ಹೆಂಡತಿ, ತಾಯಿ, ಮಗು, ನಾನು, ಸಾಲ ಕೊಟ್ಟ ಇಬ್ಬರು ರೂಮ್‌ಮೇಟ್‌ಗಳು, ಭಿಶಿ (ಚೀಟಿ ಫಂಡ್) ನಡೆಸುವ ಅಕ್ಕ. ಏಳಾಯಿತು.

ಹೆಜ್ಜೆ 1: ಗುರುತು ಹಿಡಿಯಿರಿ

ಕುಡಿದವನ ಬಾಯಿ ವಾಸನೆ ಬರುತ್ತದೆ. ಆಡಿದವನದು ಬರುವುದಿಲ್ಲ. ಹಾಗಾಗಿ ದುಡ್ಡಿನ ಓಡಾಟ ಮತ್ತು ನಿದ್ದೆ, ಇವೆರಡನ್ನೇ ನೋಡಬೇಕು. ಸಂಬಳದ ದಿನವೇ ಅಡ್ವಾನ್ಸ್ ಕೇಳುವುದು, ಊರಿಗೆ ಹೋಗುವ ದುಡ್ಡು ಎರಡು ತಿಂಗಳಿಂದ ನಿಂತಿರುವುದು, ಚಿನ್ನ ಅಡವಿಟ್ಟ ಚೀಟಿ, ಫೋನನ್ನು ಬಾತ್‌ರೂಮಿಗೂ ಒಯ್ಯುವುದು, ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಹೊರಗೆ ಓಡುವುದು. ನಮ್ಮವನ ವಿಷಯದಲ್ಲಿ ಇನ್ನೊಂದಿತ್ತು. ಬೆಳಗ್ಗೆ ಇಡ್ಲಿ ತಟ್ಟೆಗೆ ಹಾಕಿಕೊಂಡು ಮುಟ್ಟದೆ ಹಾಗೇ ಇಡುತ್ತಿದ್ದ. ಕೆಲವು ದಿನ ಮಾತ್ರ ಎಲ್ಲರಿಗೂ ಚಹಾ ಕೊಡಿಸುತ್ತಿದ್ದ.

ಎರಡೇ ಪ್ರಶ್ನೆಯ ಒಂದು ಪರೀಕ್ಷೆ 1990ರ ದಶಕದಿಂದ ಬಳಕೆಯಲ್ಲಿದೆ. ಒಂದು, ಮೊದಲಿಗಿಂತ ಜಾಸ್ತಿ ಜಾಸ್ತಿ ದುಡ್ಡು ಹಾಕಬೇಕು ಅಂತ ಯಾವತ್ತಾದರೂ ಅನಿಸಿದೆಯಾ? ಎರಡು, ಎಷ್ಟು ಆಡಿದೆ ಅನ್ನುವುದರ ಬಗ್ಗೆ ಹತ್ತಿರದವರ ಹತ್ತಿರ ಸುಳ್ಳು ಹೇಳಿದ್ದುಂಟಾ? ಒಂದಕ್ಕೆ ಹೌದು ಅಂದರೂ ಮುಂದಿನ ತಪಾಸಣೆ ಬೇಕು. ಅದಕ್ಕೆ ಪಿಜಿಎಸ್‌ಐ ಅಂತ 9 ಪ್ರಶ್ನೆಗಳ ಪಟ್ಟಿ ಇದೆ. ಕಳೆದ 12 ತಿಂಗಳ ಬಗ್ಗೆ ಕೇಳುತ್ತದೆ, ಪ್ರತಿಯೊಂದಕ್ಕೆ 0ಯಿಂದ 3 ಅಂಕ. ಒಟ್ಟು 8 ಅಥವಾ ಜಾಸ್ತಿ ಬಂದರೆ ಗಂಭೀರ. 3ರಿಂದ 7 ಬಂದರೂ "ಇನ್ನೂ ಪರವಾಗಿಲ್ಲ" ಅಂತ ಬಿಡಬೇಡಿ. ನಾವು ಮೊದಲ ಸಲ ಆಗಲೇ ಎಚ್ಚರಾಗಿದ್ದರೆ 35 ಸಾವಿರಕ್ಕೆ ಮುಗಿಯುತ್ತಿತ್ತು.

ಒಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್, ಮಾನಸಿಕ ಕಾಯಿಲೆಗೆ ಕೊಡುವ ಅರಿಪಿಪ್ರಜೋಲ್ ಇಂಥ ಮಾತ್ರೆಗಳಿಂದ ಕೆಲವರಿಗೆ ತಡೆಯಲಾಗದ ಜೂಜಿನ ಆಸೆ ಹುಟ್ಟುತ್ತದೆ. ಯಾವತ್ತೂ ಇಸ್ಪೀಟು ಮುಟ್ಟದ ಮಾವನವರು 68ರಲ್ಲಿ ಲಾಟರಿಗೆ ಬಿದ್ದರೆ ಮೊದಲು ಅವರ ಮಾತ್ರೆ ಡಬ್ಬಿ ನೋಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಹೆಜ್ಜೆ 2: ಮಾತಾಡಿ, ಆದರೆ ಮ್ಯಾಚ್ ಇರುವ ಸಂಜೆ ಅಲ್ಲ

ನಾನು ಮೊದಲು ಮಾತಾಡಿದ್ದು ಗಲ್ಲಾದ ಎದುರು, ನಾಲ್ಕು ಜನ ಕೇಳುವ ಹಾಗೆ. "ನಾಚಿಕೆ ಆಗೋದಿಲ್ವಾ ನಿಂಗೆ?" ಅಂದೆ. ಅವನು ಎರಡು ದಿನ ಕೆಲಸಕ್ಕೆ ಬರಲಿಲ್ಲ, ಫೋನ್ ಬಂದ್. ಆ ಎರಡು ದಿನ ನಾನು ಪಟ್ಟ ಹೆದರಿಕೆ ಬೇರೆ ಯಾರಿಗೂ ಬೇಡ.

ನಾಲ್ಕನೇ ಸಲ ಮಧ್ಯಾಹ್ನ ಮೂರೂವರೆಗೆ, ಊಟದ ಗಿರಾಕಿ ಮುಗಿದು ಚಹಾದವರು ಬರುವ ಮುಂಚೆ, ತಲಾವ್‌ಪಾಳಿಗೆ ಕರೆದುಕೊಂಡು ಹೋದೆ. ಕೆರೆ ಕಡೆ ಮುಖ ಮಾಡಿ ಕೂತೆವು. ಎದುರೆದುರು ಕೂತರೆ ವಿಚಾರಣೆ ಥರ ಆಗುತ್ತದೆ. ಹೇಳಿದ್ದು ಇಷ್ಟೇ: "ನೀನು ರಾತ್ರಿ ಮಲಗ್ತಾ ಇಲ್ಲ. ಮೂರು ತಿಂಗಳಿಂದ ಮನೆಗೆ ದುಡ್ಡು ಹೋಗಿಲ್ಲ. ನಂಗೆ ಹೆದರಿಕೆ ಆಗ್ತಿದೆ. ಈ ಸಲ ಸಾಲ ನಾನು ಕಟ್ಟೋದಿಲ್ಲ. ಆದರೆ ಡಾಕ್ಟರ ಹತ್ರ ಬರ್ತೇನೆ, ಬ್ಯಾಂಕಿಗೂ ಬರ್ತೇನೆ, ಸಾಲಗಾರರ ಹತ್ರವೂ ಬರ್ತೇನೆ."

ಅವನು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, "ಅಣ್ಣ, ಒಂದು ಐವತ್ತು ಸಾವಿರ ಸಿಕ್ಕಿದ್ರೆ ಎಲ್ಲ ರಿಕವರಿ ಮಾಡ್ತೇನೆ" ಅಂದ. ಈ "ರಿಕವರಿ" ಅನ್ನುವ ಪದ ಕೇಳಿದರೆ ಜೋಪಾನ. ಕಳೆದದ್ದನ್ನು ಆಡಿಯೇ ವಾಪಸ್ ತರುತ್ತೇನೆ ಅನ್ನುವುದು ಈ ಕಾಯಿಲೆಯ ಮುಖ್ಯ ಲಕ್ಷಣ. ಜ್ವರದವನು ಚಳಿ ಅಂದ ಹಾಗೆ ಅದು. ಅದರ ಜತೆ ವಾದಕ್ಕೆ ಇಳಿಯಬೇಡಿ.

ಇನ್ನೊಂದು ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳಲೇಬೇಕು: "ಸಾಯಬೇಕು ಅಂತ ಅನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಜೂಜಿನ ಸಾಲದವರಲ್ಲಿ ಈ ಅಪಾಯ ಬೇರೆಯವರಿಗಿಂತ ಜಾಸ್ತಿ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ಇದೆ. 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ತುರ್ತಾದರೆ 112, ಇಲ್ಲವೇ ಹತ್ತಿರದ ಆಸ್ಪತ್ರೆಯ ಕ್ಯಾಶುವಲ್ಟಿ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ಶಿಕ್ಷಿಸುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ತಡ ಮಾಡಬೇಡಿ.

ಹೆಜ್ಜೆ 3: ನಲ್ಲಿ ಬಂದ್ ಮಾಡಿ

ಈ ಬರಹದಲ್ಲಿ ಒಂದೇ ಹೆಜ್ಜೆ ಮಾಡುವಷ್ಟು ತಾಕತ್ತಿದ್ದರೆ ಇದನ್ನೇ ಮಾಡಿ. ಎಲ್ಲವೂ ಅವನ ಒಪ್ಪಿಗೆಯಿಂದ, ಅವನ ಕೈಯಿಂದಲೇ ಆಗಬೇಕು. ಕದ್ದು ಫೋನ್ ತೆರೆದರೆ, ಕಾರ್ಡ್ ಬಚ್ಚಿಟ್ಟರೆ ಜಗಳವಾಗುತ್ತದೆ, ಎರಡೇ ದಿನದಲ್ಲಿ ಹೊಸ ದಾರಿ ಹುಡುಕಿಕೊಳ್ಳುತ್ತಾನೆ.

ಆ್ಯಪ್ ಅಳಿಸಿದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಆ್ಯಪ್ ಮತ್ತೆ ಹಾಕಿಕೊಳ್ಳಲು ಎರಡು ನಿಮಿಷ ಬೇಕು. ನಲ್ಲಿ ಇರುವುದು ಆ್ಯಪಿನಲ್ಲಿ ಅಲ್ಲ, ಖಾತೆಯಲ್ಲಿ. ಹಾಗಾಗಿ ಮೊದಲು ಸಂಬಳದ ದಾರಿ ಬದಲಿಸಿದೆವು. ಶೇಠರ ಹತ್ತಿರ ಅವನೇ ಬಂದು ಹೇಳಿದ. ಸಂಬಳ ಈಗ ನೇರ ಊರಿಗೆ, ಅವನ ಹೆಂಡತಿಯ ಖಾತೆಗೆ ಹೋಗುತ್ತದೆ. ಅವನ ಖರ್ಚಿಗೆ ದಿನಕ್ಕೆ 150 ರೂಪಾಯಿ ಗಲ್ಲಾದಿಂದ ನಗದು ಕೊಡುತ್ತೇನೆ, ಪುಸ್ತಕದಲ್ಲಿ ಸಹಿ ಹಾಕುತ್ತಾನೆ. ಮೊದಲ ವಾರ ಸಹಿ ಹಾಕುವಾಗ ತಲೆ ಎತ್ತುತ್ತಿರಲಿಲ್ಲ. ಈಗ ಚಿಲ್ಲರೆ ಕಡಿಮೆ ಅಂತ ಜಗಳ ಮಾಡುತ್ತಾನೆ.

ಆಮೇಲೆ ಬ್ಯಾಂಕು. ಡೆಬಿಟ್ ಕಾರ್ಡಿನ ಆನ್‌ಲೈನ್ ಬಳಕೆಯನ್ನು ಬಂದ್ ಮಾಡುವ ಸೌಲಭ್ಯವನ್ನು ಎಲ್ಲ ಬ್ಯಾಂಕುಗಳೂ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ 2020ರಲ್ಲೇ ಹೇಳಿದೆ. ಅದನ್ನು ಆಫ್ ಮಾಡಿ. ಯುಪಿಐ ತೆಗೆಸಿ, ತೆಗೆಸಲು ಆಗದಿದ್ದರೆ ದಿನದ ಮಿತಿ ಇಳಿಸಿ. ಕ್ರೆಡಿಟ್ ಕಾರ್ಡ್ ಇದ್ದರೆ ವಾಪಸ್. "ಪ್ರೀ-ಅಪ್ರೂವ್ಡ್ ಲೋನ್" ಅಂತ ಬರುವ ಮೆಸೇಜುಗಳಿಗೆ ಬೇಡ ಅಂತ ಬರೆದು ಕೊಡಿ. ಉಳಿತಾಯದ ಖಾತೆ ಇಡಬೇಕು ಅಂದರೆ ಇಬ್ಬರ ಸಹಿ ಇದ್ದರೆ ಮಾತ್ರ ದುಡ್ಡು ತೆಗೆಯುವ ಹಾಗೆ ತೆರೆಯಿರಿ. ಚಿನ್ನ, ಎಲ್‌ಐಸಿ ಬಾಂಡು, ಊರಿನ ಜಾಗದ ಕಾಗದ, ಇವು ಅವನ ಕೈಗೆ ಸಿಗದ ಜಾಗದಲ್ಲಿರಲಿ. ಭಿಶಿಯಲ್ಲಿ ಅವನ ಪಾಳಿ ಬಂದಾಗ ಯಾರ ಕೈಗೆ ದುಡ್ಡು ಕೊಡಬೇಕು ಅಂತ ಮೊದಲೇ ಹೇಳಿಡಿ. ಇದನ್ನು ಎಲ್ಲರೂ ಮರೆಯುತ್ತಾರೆ, ನಾವೂ ಮರೆತಿದ್ದೆವು.

"ಕಾನೂನು ಬಂತಲ್ಲ, ಈಗ ಆ್ಯಪ್‌ಗಳೇ ಇಲ್ಲವಲ್ಲ" ಅಂತ ಕೆಲವರು ಹೇಳುತ್ತಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದದ್ದು ನಿಜ. ದೊಡ್ಡ ದೊಡ್ಡ ಆ್ಯಪ್‌ಗಳು ರಮ್ಮಿ, ಫ್ಯಾಂಟಸಿ ಕ್ರಿಕೆಟ್ ನಿಲ್ಲಿಸಿದವು. ಆಟ ನಡೆಸಿದವರಿಗೆ 3 ವರ್ಷ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಜಾಹೀರಾತು ಮಾಡಿದವರಿಗೂ ಶಿಕ್ಷೆ ಇದೆ, ಆಡಿದವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಒಳ್ಳೆಯದೇ. ಆದರೆ ನಮ್ಮವನು ಆಡುತ್ತಿದ್ದದ್ದು ಆ್ಯಪ್ ಸ್ಟೋರಿನ ಆಟವೇ ಅಲ್ಲ. ವಾಟ್ಸಾಪಿನಲ್ಲಿ ಒಂದು ನಂಬರಿಗೆ ದುಡ್ಡು ಹಾಕಿದರೆ "ಐಡಿ" ಬರುತ್ತಿತ್ತು, ಯಾವುದೋ ದೇಶದಲ್ಲಿರುವ ಸೈಟಿಗೆ. ಆ ಪೈಪು ಕಾಯ್ದೆ ಬಂದ ದಿನವೇ ಒಣಗುವುದಿಲ್ಲ. ಸಾಧ್ಯವಾದರೆ ನಂಬರನ್ನೇ ಬದಲಿಸಿ, ಬ್ಲಾಕ್ ಮಾಡಿದರೆ ಅವರು ಬೇರೆ ನಂಬರಿನಿಂದ ಬರುತ್ತಾರೆ.

ಒಂದು ಎಚ್ಚರಿಕೆ. ಸಾಲ ಜಾಸ್ತಿಯಾದಾಗ ಐಡಿ ಕೊಡುವವನೇ ಒಂದು ಉಪಾಯ ಹೇಳುತ್ತಾನೆ: "ನಿನ್ನ ಖಾತೆ ಬಾಡಿಗೆಗೆ ಕೊಡು, ಬಂದ ದುಡ್ಡು ಮುಂದೆ ಕಳಿಸು, ಕಮಿಷನ್ ಸಿಗುತ್ತದೆ." ಕೊಟ್ಟರೆ ಖಾತೆ ಫ್ರೀಜ್ ಆಗುತ್ತದೆ, ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಈಗಾಗಲೇ ಕೊಟ್ಟಿದ್ದರೆ ಬ್ಯಾಂಕಿಗೆ ಬರೆದು ತಿಳಿಸಿ, ವಕೀಲರನ್ನು ಕಾಣಿ. ಉಚಿತ ಕಾನೂನು ಸಹಾಯಕ್ಕೆ 15100 ಇದೆ.

ಹೆಜ್ಜೆ 4: ಸಾಲ ಬರೆಯಿರಿ, ಒಟ್ಟಿಗೆ ಕಟ್ಟಬೇಡಿ

ಹಳೆ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆಯಲು ಕೂತೆವು. "ಎಷ್ಟು?" ಅಂದೆ. "ಅರವತ್ತು" ಅಂದ. ಬರೆದೆ. ಚಹಾ ಕುಡಿದ ಮೇಲೆ, "ಊರಿನಲ್ಲಿ ಭಾವನ ಹತ್ರ ಎಂಬತ್ತು ಉಂಟು" ಅಂದ. ಒಟ್ಟು 1,40,000. ಆಮೇಲೆ ಅವನ ಕ್ರೆಡಿಟ್ ರಿಪೋರ್ಟ್ ತೆಗೆದೆವು. ಯಾರ ಹೆಸರಲ್ಲಿ ಯಾವ ಸಾಲ ಇದೆ ಅಂತ ದಾಖಲೆ ಇಡುವ ಸಿಬಿಲ್ ಸೇರಿ ನಾಲ್ಕು ಕಂಪನಿಗಳಿವೆ, ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಪ್ರತಿಯೊಂದರಿಂದ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಐದು ಸಣ್ಣ ಲೋನುಗಳು, ಒಟ್ಟು 1,72,000. ಮುಚ್ಚಿಟ್ಟದ್ದು ನನ್ನಿಂದ ಮಾತ್ರ ಅಲ್ಲ, ಎರಡನ್ನು ಅವನೇ ಮರೆತುಬಿಟ್ಟಿದ್ದ. ಪೆನ್ಸಿಲಿನಲ್ಲಿ ಕೂಡಿಸಿ 3,12,000 ಅಂತ ಬರೆದಾಗ ಅವನು ಉಸಿರು ಬಿಟ್ಟ ರೀತಿ ನೆನಪಿದೆ, ಎಲ್ಲೋ ಹಗುರಾದವನ ಥರ.

ಪಟ್ಟಿ ಆದ ಮೇಲೆ ವಿಂಗಡಿಸಿ. ಎಲ್ಲ ಸಾಲವೂ ಒಂದೇ ಅಲ್ಲ.

ಮೊದಲು ಹೊಟ್ಟೆ, ಬಾಡಿಗೆ, ಮಗುವಿನ ಶಾಲೆ. ಅಡವಿಟ್ಟ ಕರಿಮಣಿ ಹರಾಜಿಗೆ ಬರುವಂತಿದ್ದರೆ ಅದರ ಬಡ್ಡಿ. ಇವನ್ನು ಮುಟ್ಟದೆ ಉಳಿದದ್ದರಲ್ಲೇ ಬೇರೆ ಸಾಲ.

ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಹೋಗಿ ಕಂತು ಸಣ್ಣದು ಮಾಡಿ ಅಂತ ಬರೆದು ಕೇಳಿ. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ. ಮಾಡಿದರೆ ಮೊದಲು ಆ ಕಂಪನಿಗೇ ದೂರು, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ. ದೂರು ಹೇಗೆ ಕೊಡುವುದು ಅಂತ 14448ರಲ್ಲಿ ಹೇಳುತ್ತಾರೆ. ಫೋನಿನಲ್ಲಿರುವ ನಂಬರುಗಳಿಗೆಲ್ಲ ಮೆಸೇಜ್ ಕಳಿಸುವ, ಫೋಟೋ ತಿರುಚಿ ಹೆದರಿಸುವ ಲೋನ್ ಆ್ಯಪ್ ಆದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೈಸಾಲ ಕೊಡುವ ಬಡ್ಡಿಯವರು ಬೇರೆ ವಿಷಯ. ಮಹಾರಾಷ್ಟ್ರದಲ್ಲಿ 2014ರ ಲೇವಾದೇವಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಅಪರಾಧ. ದೂರು ಕೊಡುವುದು ಸಹಕಾರ ಇಲಾಖೆಯ ಜಿಲ್ಲಾ ಉಪ ನಿಬಂಧಕರ ಕಚೇರಿಗೆ. ಎಷ್ಟೋ ಸಲ ಈ ಮಾತು ಎತ್ತಿದರೆ ಸಾಕು, ಬಡ್ಡಿ ಇಳಿಯುತ್ತದೆ.

ಇನ್ನು ಬುಕ್ಕಿಯ ಬಾಕಿ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಂದ್ಯದ ದುಡ್ಡಿಗೆ ಕೋರ್ಟಿನಲ್ಲಿ ದಾವೆ ನಡೆಯುವುದಿಲ್ಲ. ಅವನ ಹತ್ತಿರ ಕಾಗದ ಇದ್ದರೂ ಅದು ರದ್ದಿ. "ಕೋರ್ಟಿಗೆ ಎಳೀತೇನೆ" ಅಂದರೆ ಹೆದರಬೇಡಿ. "ಹುಡುಗರನ್ನ ಕಳಿಸ್ತೇನೆ" ಅಂದರೆ ಮಾತ್ರ ಒಬ್ಬರೇ ನಿಭಾಯಿಸಲು ಹೋಗಬೇಡಿ, ಗೊತ್ತಿರುವ ವಕೀಲರ ಜತೆ ಸ್ಟೇಷನ್ನಿಗೆ ಹೋಗಿ.

ಭಾವನಂಥವರಿಗೆ ನಿಜ ಹೇಳಿ, ತಿಂಗಳಿಗೆ ಇಷ್ಟು ಅಂತ ದಿನ ಗೊತ್ತುಮಾಡಿ. ನಮ್ಮ ಭಾವ ಬೈದರು, ಊಟ ಹಾಕಿದರು, ತಿಂಗಳಿಗೆ ಎರಡು ಸಾವಿರಕ್ಕೆ ಒಪ್ಪಿದರು.

ಹೆಜ್ಜೆ 5: ಡಾಕ್ಟರ ಹತ್ತಿರ

ಮುಂಬೈಯಲ್ಲಿ ಪರೇಲಿನ ಕೆಇಎಂ, ಸಾಯನ್ ಆಸ್ಪತ್ರೆ, ಮುಂಬೈ ಸೆಂಟ್ರಲ್‌ನ ನಾಯರ್, ಭಾಯಖಳಾದ ಜೆಜೆ, ಇಲ್ಲೆಲ್ಲ ಸೈಕಿಯಾಟ್ರಿ ವಿಭಾಗ ಇದೆ. ಪುಣೆಯಲ್ಲಿ ಸಸೂನ್. ಗೋವಾದಲ್ಲಿ ಬಾಂಬೋಳಿಯ ಐಪಿಎಚ್‌ಬಿ ಸರ್ಕಾರಿ ಮನೋವೈದ್ಯಕೀಯ ಸಂಸ್ಥೆ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ, ಸಾಲು ಉದ್ದ ಇರುತ್ತದೆ. ಪುಣೆಯ ಮುಕ್ತಾಂಗಣ 1986ರಿಂದ ವ್ಯಸನಮುಕ್ತಿ ಕೆಲಸ ಮಾಡುತ್ತಿದೆ. ಮುಖ್ಯವಾಗಿ ಕುಡಿತ, ಡ್ರಗ್ಸ್‌ಗೆ ಹೆಸರಾದದ್ದು, ಹಾಗಾಗಿ ಮೊದಲು ಫೋನ್ ಮಾಡಿ ಕೇಳಿ. ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವವರೂ ಇದ್ದಾರೆ. ಫೋನು, ಆನ್‌ಲೈನ್ ಗೀಳಿಗೆ ಅಲ್ಲಿ 2014ರಿಂದ ಶಟ್ ಅಂತ ಕ್ಲಿನಿಕ್ ಇದೆ.

ಕೌಂಟರಿನಲ್ಲಿ "ನಿದ್ದೆ ಬರೋದಿಲ್ಲ" ಅಂತ ಮಾತ್ರ ಹೇಳಿ ಬರಬೇಡಿ. ನಿದ್ದೆ ಮಾತ್ರೆ ಸಿಗುತ್ತದೆ, ಜೂಜು ಹಾಗೇ ಇರುತ್ತದೆ. "ಜೂಜಿನ ಚಟ, ಸಾಲ ಆಗಿದೆ" ಅಂತ ನೇರ ಹೇಳಿ. ಹಿಂದಿ, ಮರಾಠಿ ಸರಿಯಾಗಿ ಬರದವರ ಜತೆ ಭಾಷೆ ಬರುವವರು ಹೋಗಿ. ಹೇಳಿದ್ದನ್ನು ಡಾಕ್ಟರು ಬೇರೆಯವರಿಗೆ ಹೇಳುವಂತಿಲ್ಲ, ಅದು ಕಾನೂನು.

ಚಿಕಿತ್ಸೆ ಅಂದರೆ ಹೆಚ್ಚಾಗಿ ಮಾತು, ಸಿಬಿಟಿ ಅನ್ನುತ್ತಾರೆ. ಯಾವ ಹೊತ್ತಿಗೆ ಆಸೆ ಬರುತ್ತದೆ, ಆಗ ತಲೆಯಲ್ಲಿ ಏನು ಓಡುತ್ತದೆ, ಆ ಯೋಚನೆಯಲ್ಲಿ ತಪ್ಪೆಲ್ಲಿ, ಹೀಗೆ. ಜೂಜಿಗೇ ಅಂತ ಮೀಸಲಾದ ಮಾತ್ರೆ ಇಲ್ಲ. ಕೆಲವರಿಗೆ ನಾಲ್ಟ್ರೆಕ್ಸೋನ್ ಕೊಡುತ್ತಾರೆ. ಜತೆಗೆ ಖಿನ್ನತೆ, ಕುಡಿತ ಇದ್ದರೆ ಅದಕ್ಕೂ ಔಷಧ ಬೇಕು. ಕುಡುಕರಿಗೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಅನ್ನುವ ಬಳಗ ಇದ್ದ ಹಾಗೆ ಜೂಜುಗಾರರಿಗೆ ಗ್ಯಾಂಬ್ಲರ್ಸ್ ಅನಾನಿಮಸ್ ಇದೆ, 1957ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಆನ್‌ಲೈನ್ ಸಭೆಗಳೂ ನಡೆಯುತ್ತವೆ. ನಮ್ಮವನು ಎರಡು ಸಲ ಹೋಗಿ ಬಿಟ್ಟ. ಕೆಲವರಿಗೆ ಅದೇ ಹಿಡಿಸುತ್ತದೆ.

ಹೆಜ್ಜೆ 6: ಲೆಕ್ಕ ಮಾಡಿಸಿ

ಉಪದೇಶಕ್ಕಿಂತ ಲೆಕ್ಕ ಒಳ್ಳೆಯದು. ಅಂಕಿಯ ಮೇಲೆ ದುಡ್ಡು ಕಟ್ಟುವ ಮಟಕಾ ಆಟಕ್ಕೆ ನಮ್ಮ ಊರಿನಲ್ಲಿ ಓಸಿ ಅನ್ನುತ್ತೇವಲ್ಲ, ಓಪನ್ ಮತ್ತು ಕ್ಲೋಸ್, ಅದು ಹುಟ್ಟಿದ್ದು ಮುಂಬೈಯಲ್ಲೇ. ಮೊದಲು ನ್ಯೂಯಾರ್ಕ್ ಹತ್ತಿ ಪೇಟೆಯ ಶುರುವಿನ ದರ, ಮುಗಿಯುವ ದರದ ಮೇಲೆ ಪಂದ್ಯ ಕಟ್ಟುತ್ತಿದ್ದರು. ಅದು ನಿಂತ ಮೇಲೆ 1960ರ ದಶಕದಲ್ಲಿ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಇವರೆಲ್ಲ ಮಟಕಾ ನಡೆಸಿದರು. ಮಿಲ್ಲಿನ ಕೂಲಿಯವರ ಸಂಬಳ ಅದರಲ್ಲಿ ಕರಗಿತು.

ಜೋಡಿ ಹಿಡಿಯಿರಿ. 00ಯಿಂದ 99, ಒಟ್ಟು 100 ಜೋಡಿ. ತಾಗಿದರೆ ಸಾಮಾನ್ಯವಾಗಿ 1ಕ್ಕೆ 90. ನೂರೂ ಜೋಡಿಗೆ ಹತ್ತತ್ತು ರೂಪಾಯಿ ಹಾಕಿ ಅಂದೆ ತಮ್ಮನಿಗೆ. ಒಂದು ತಾಗಲೇಬೇಕು, ತಪ್ಪಿಸಲು ಸಾಧ್ಯವೇ ಇಲ್ಲ. ಹಾಕಿದ್ದು 1,000. ಬಂದದ್ದು 900. ಅವನು ಎರಡು ಸಲ ಕೂಡಿಸಿದ. "ಗೆದ್ರೂ ನೂರು ಹೋಯ್ತಲ್ಲ" ಅಂದ.

ಗೋವಾದ ಮಾಂಡವಿ ನದಿಯ ಕ್ಯಾಸಿನೋ ಹಡಗುಗಳಲ್ಲೂ ಇದೇ ಕಥೆ. ಒಂದೇ ಸೊನ್ನೆ ಇರುವ ರೂಲೆಟ್ ಚಕ್ರದಲ್ಲಿ 37 ಮನೆ, ಗೆದ್ದರೆ ಕೊಡುವುದು 35 ಪಟ್ಟು. ಕೆಂಪು ಬಂದಾಯಿತು, ಇನ್ನು ಕಪ್ಪು ಬರಲೇಬೇಕು ಅನ್ನುವವರಿಗೆ 1913ರ ಆಗಸ್ಟ್ 18ರ ಕಥೆ ಹೇಳಿ. ಮಾಂಟೆ ಕಾರ್ಲೊದಲ್ಲಿ ಸತತ 26 ಸಲ ಕಪ್ಪೇ ಬಂತು. ಕೆಂಪಿಗೆ ಕಾದವರು ಮುಳುಗಿದರು. ಒಂದು ಅಂಕಿಯಲ್ಲಿ ತಪ್ಪಿತು ಅನ್ನುವ ಸೋಲು ಮೆದುಳಿಗೆ ಹೆಚ್ಚುಕಡಿಮೆ ಗೆಲುವಿನ ಹಾಗೇ ಹಿತ ಕೊಡುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. "ಸ್ವಲ್ಪದ್ರಲ್ಲಿ ಹೋಯ್ತು" ಅನ್ನುವ ಮಾತೇ ಗಾಳ.

ಗೋವಾ ಅಂದರೆ ಎಲ್ಲರಿಗೂ ಕ್ಯಾಸಿನೋ ಕಾಣುತ್ತದೆ. 2020ರಿಂದ ಗೋವಾದವರಿಗೆ ಕ್ಯಾಸಿನೋದಲ್ಲಿ ಆಡಲು ಬಿಡುವುದಿಲ್ಲ, ಆಡುವವರು ನಮ್ಮಂಥ ಹೊರಗಿನವರು. ಆದರೆ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗೋವಾದ ಸುಮಾರು 1,500 ಗಂಡಸರನ್ನು ಕೇಳಿದಾಗ, ಆ ವರ್ಷ ಆಡಿದ್ದೇವೆ ಅಂದವರು ನೂರಕ್ಕೆ 45. ಜಾಸ್ತಿ ಆಡಿದ್ದು ಲಾಟರಿ. ವಾಸ್ಕೋ, ಮಡಗಾಂವ್ ಕಡೆ ಕಟ್ಟಡ ಕೆಲಸಕ್ಕೆ ಹೋದ ವಿಜಯಪುರ, ಬಾಗಲಕೋಟೆಯ ನಮ್ಮವರಿಗೂ ಹಡಗು ದೂರ, ಲಾಟರಿ ಅಂಗಡಿ ಹತ್ತಿರ. ಕಾನೂನು ಒಪ್ಪಿದ ಆಟ ಅಂದ ಮಾತ್ರಕ್ಕೆ ನಷ್ಟ ಕಡಿಮೆ ಆಗುವುದಿಲ್ಲ. ಷೇರು ಪೇಟೆಯ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್ ವಹಿವಾಟು) ನೋಡಿ. 2021-22ರಿಂದ ಮೂರು ವರ್ಷದಲ್ಲಿ ನೂರಕ್ಕೆ 93 ಜನ ದುಡ್ಡು ಕಳೆದುಕೊಂಡರು ಅಂತ ಷೇರು ಪೇಟೆಯ ನಿಯಂತ್ರಕ ಸೆಬಿಯೇ ಹೇಳಿದೆ. ಅದನ್ನು ಜೂಜು ಅಂದರೆ ಐಟಿ ಹುಡುಗರಿಗೆ ಸಿಟ್ಟು ಬರುತ್ತದೆ. ಬರಲಿ.

ಹೆಜ್ಜೆ 7: ಮತ್ತೆ ಜಾರಿದರೆ

ಜಾರುತ್ತಾರೆ. ನಮ್ಮವನು ಐದನೇ ತಿಂಗಳಲ್ಲಿ, ಐಪಿಎಲ್ ನಡೆಯುವಾಗ, ಗಿರಾಕಿ ಕೊಟ್ಟ ಟಿಪ್ಸ್ ಕೂಡಿಟ್ಟು 600 ರೂಪಾಯಿ ಹಾಕಿದ. ಮರುದಿನ ಅವನೇ ಹೇಳಿದ. ನಾನು ಬೈಯಲಿಲ್ಲ, ಟಿಪ್ಸ್ ಡಬ್ಬಿ ಎಲ್ಲರದ್ದೂ ಒಂದೇ ಆಯಿತು. ಜಾರಿದ ದಿನ ನೋಡಬೇಕಾದದ್ದು ನಲ್ಲಿಯ ಯಾವ ತೂತು ಉಳಿದಿತ್ತು ಅಂತ.

ಆಸೆ ಅಲೆಯ ಥರ ಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಆ ಅರ್ಧ ಗಂಟೆ ಕೈಯಲ್ಲಿ ಫೋನ್ ಇರಬಾರದು. ನಮ್ಮ ರೂಮಿನಲ್ಲಿ ಅವನು ರಾತ್ರಿ ಹನ್ನೊಂದಕ್ಕೆ ಫೋನನ್ನು ಗಲ್ಲಾದ ಡ್ರಾಯರಿಗೆ ಹಾಕಿ ಮಲಗುತ್ತಾನೆ. ಈಗ ಇನ್ನಿಬ್ಬರು ಸುಮ್ನೆ ತಾವೂ ಹಾಕುತ್ತಾರೆ. ಯಾಕೆ ಅಂತ ನಾನು ಕೇಳಿಲ್ಲ.

ಊರಿನಲ್ಲಿರುವ ಹೆಂಡತಿಯನ್ನು ಮರೆಯಬೇಡಿ. ಸಾಲಗಾರರ ಫೋನ್ ಅವಳಿಗೂ ಹೋಗಿರುತ್ತದೆ. 14416 ಅವಳಿಗೂ ಇದೆ. "ನೀನು ಸರಿಯಾಗಿ ನೋಡಿಕೊಂಡಿದ್ರೆ" ಅಂತ ಶುರುವಾಗುವ ಮಾತನ್ನು ಮನೆಯಲ್ಲಿ ಯಾರೂ ಆಡದ ಹಾಗೆ ನೋಡಿಕೊಳ್ಳಿ.

ಹೆಜ್ಜೆ 8: ನಿಂತ ನೀರು ಚೆಲ್ಲಿ, ಹೋಟೆಲಿನವರಿಗೆ ಮತ್ತು ಸಂಘದವರಿಗೆ

ಮತ್ತೆ ಬಿಎಂಸಿಯ ಡ್ರಮ್ಮಿಗೆ ಬರುತ್ತೇನೆ. ಹೋಟೆಲ್ ರೂಮಿನಲ್ಲಿ ನಿಂತ ನೀರು ಯಾವುದು? ಹದಿನೆಂಟು ವರ್ಷದ ಹುಡುಗ, ಊರು ದೂರ, ಮಧ್ಯಾಹ್ನ ಮೂರು ಗಂಟೆ ಖಾಲಿ, ಕೈಯಲ್ಲಿ ಅಗ್ಗದ ಡೇಟಾ, ಒಟ್ಟಿಗೆ ಬರುವ ಸಂಬಳ. ಮುಂಬೈಯಲ್ಲಿ ಹೋಟೆಲ್ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳಿದ್ದ ಕಾಲದಲ್ಲಿ ಆ ಖಾಲಿ ಹೊತ್ತಿಗೊಂದು ಕೆಲಸವಿತ್ತು. ಶಾಲೆ ಮತ್ತೆ ತೆರೆಯಿರಿ ಅನ್ನುತ್ತಿಲ್ಲ. ಕೇರಂ ಬೋರ್ಡ್ ಇಡಬಹುದು. ಕೇಳಿದವರಿಗೆ ಸಂಬಳವನ್ನು ಎರಡು ಭಾಗ ಮಾಡಿ ಕೊಡಬಹುದು, ಅರ್ಧ ನೇರ ಊರಿಗೆ. ಅಡ್ವಾನ್ಸ್ ಕೇಳಿದಾಗ ಬೈದು ಕೊಡುವ ಬದಲು "ಎಂತಕ್ಕೆ?" ಅಂತ ಒಮ್ಮೆ ಕೂರಿಸಿ ಕೇಳಬಹುದು. ಸಾಲ ಇದೆ ಅಂತ ಗೊತ್ತಾದ ಕೂಡಲೇ ಕೆಲಸದಿಂದ ತೆಗೆಯಬೇಡಿ. ತೆಗೆದರೆ ಉಳಿದವರೆಲ್ಲ ಮುಚ್ಚಿಡಲು ಕಲಿಯುತ್ತಾರೆ.

ಸಂಘದವರಿಗೆ ಒಂದೇ ಕೋರಿಕೆ. ರಕ್ತದಾನ, ಕಣ್ಣಿನ ತಪಾಸಣೆಯ ಶಿಬಿರ ಮಾಡುತ್ತೀರಲ್ಲ, ಆ ಟೇಬಲ್ಲಿನ ಪಕ್ಕದಲ್ಲಿ ಇನ್ನೊಂದು ಟೇಬಲ್ ಹಾಕಿ. ಬೋರ್ಡಿನಲ್ಲಿ "ಜೂಜು" ಅಂತ ಬರೆಯಬೇಡಿ, ಯಾರೂ ಹತ್ತಿರ ಬರುವುದಿಲ್ಲ. ನಾವು "ಸಾಲದ ಲೆಕ್ಕಕ್ಕೆ ಸಹಾಯ" ಅಂತ ಬರೆದೆವು. ಮೊದಲ ಸಲ ಮೂರು ಗಂಟೆ ಹೊತ್ತು ಒಬ್ಬರೂ ಬರಲಿಲ್ಲ. ಶಿಬಿರ ಮುಗಿದು ಕುರ್ಚಿ ಮಡಿಸುವಾಗ ಇಬ್ಬರು ಬಂದರು, ಬೇರೆ ಬೇರೆಯಾಗಿ. ಬಿಲ್ ಪುಸ್ತಕ ಹಿಡಿದು ಅವರ ಎದುರು ಕೂತವನು ತಮ್ಮ. ನಾನು ಕುರ್ಚಿ ಎತ್ತಿಡಲು ಆ ಕಡೆ ಹೋದೆ.